ಮೀನಾಕ್ಷಕ್ಕನ ಎದೆಯ ಸದ್ದು

ನಮ್ಮ ಮನೆಗೆ ಮೊದಲ ಸಲ ಬಂದ ನೆಂಟರು ಪಡಸಾಲೆಯಲ್ಲಿ ಕೂತು ಮಾತು ನಿಲ್ಲಿಸಿದ ಕೂಡಲೇ ಗೋಡೆಯ ಕಡೆ ಕಣ್ಣಾಡಿಸುತ್ತಿದ್ದರು. ಗಡಿಯಾರ ಎಲ್ಲಿದೆ ಅಂತ ಹುಡುಕುತ್ತಿದ್ದರು. ನಮ್ಮ ಪಡಸಾಲೆಯಲ್ಲಿ ಗಡಿಯಾರವೇ ಇರಲಿಲ್ಲ. ಟಿಕ್ ಟಿಕ್ ಅನ್ನುತ್ತಿದ್ದದ್ದು ಅವರಿಗೆ ನೀರು ಕೊಟ್ಟು ಕಂಬಕ್ಕೆ ಒರಗಿ ನಿಂತಿದ್ದ ನನ್ನ ಓರಗಿತ್ತಿ ಮೀನಾಕ್ಷಮ್ಮನ ಎದೆ. ಅವಳು ಸೆರಗು ಬಿಗಿಯಾಗಿ ಎಳೆದುಕೊಂಡು ಒಳಗೆ ಹೋಗುತ್ತಿದ್ದಳು. ಸದ್ದೂ ಅವಳ ಜೊತೆಗೇ ಹೋಗುತ್ತಿತ್ತು. ಆಗ ನೆಂಟರ ಮುಖ ನೋಡಬೇಕಿತ್ತು! ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. "ಏನ್ ಹಂಗ್ ನೋಡ್ತೀರಿ, ಕಾಫಿ ಆರೋಗ್ತೈತೆ, ಕುಡೀರಿ" ಎಂದು ಲೋಟ ಕುಕ್ಕುತ್ತಿದ್ದೆ.

ನಮ್ಮದು ದಂಡಿನಶಿವರದ ಮಗ್ಗುಲಲ್ಲಿ ತೆಂಗಿನ ತೋಟದೊಳಗಿನ ಮನೆ. ಭಾವ ರೇವಣಸಿದ್ದಯ್ಯನವರು ತೋಟ ನೋಡಿಕೊಳ್ಳುತ್ತಿದ್ದರು. ನನ್ನ ಯಜಮಾನರು ದಯಾನಂದ್ ತಿಪಟೂರಿನ ಮಾರ್ಕೆಟ್ಟಿನಲ್ಲಿ ಕೊಬ್ಬರಿ ಮಂಡಿಯೊಂದರಲ್ಲಿ ಕೆಲಸಕ್ಕಿದ್ದರು. ಮನೆಯ ಯಜಮಾನಿಕೆ ನಮ್ಮತ್ತೆಯದು. ಮೀನಾಕ್ಷಕ್ಕ ನೊಣವಿನಕೆರೆಯ ಹೆಣ್ಣು, ನನಗಿಂತ ಮುಂಚೆ ಈ ಮನೆಗೆ ಸೊಸೆಯಾಗಿ ಬಂದವಳು. ಓರಗಿತ್ತಿಯರು ಅಂದರೆ ಜಗಳ ಅಂತ ಲೋಕ ಹೇಳುತ್ತದೆ. ನಾನು ಜಗಳಕ್ಕೆ ತಯಾರಾಗಿಯೇ ಬಂದಿದ್ದೆ. ಅವಳ ಕೈಲಿ ಜಗಳ ಆಡಿಸುವುದಿರಲಿ, ಜೋರಾಗಿ ನಾಲ್ಕು ಮಾತು ಆಡಿಸುವುದೂ ಆಗಲಿಲ್ಲ. ಉಸಿರೇ ಸಾಲುತ್ತಿರಲಿಲ್ಲ ಅವಳಿಗೆ.

ಚಿಕ್ಕಂದಿನಲ್ಲಿ ಅವಳಿಗೆ ಗಂಟಲು ಬಾತು ಜ್ವರ ಬಂದಿತ್ತಂತೆ. ಆಮೇಲೆ ಮಂಡಿ, ಮೊಣಕೈ ಒಂದೊಂದಾಗಿ ಊದಿಕೊಂಡವಂತೆ. ವಾಯು ಅಂದರು, ಹರಳೆಣ್ಣೆ ಹಚ್ಚಿದರು, ವಾಸಿಯಾಯಿತು ಅಂತ ಸುಮ್ಮನಾದರು. ಜ್ವರವೇನೋ ಕೀಲು ಬಿಟ್ಟು ಹೋಗಿತ್ತು. ಹೋಗುವಾಗ ಗುಂಡಿಗೆಯನ್ನು ಕೆಡಿಸಿ ಹೋಗಿದ್ದು ಯಾರಿಗೂ ತಿಳಿಯಲಿಲ್ಲ. ಮದುವೆಯಾಗಿ ಬಂದ ಮೇಲೆ ನಮ್ಮ ಅಟ್ಟದ ಏಣಿ ಅದನ್ನು ಕಂಡುಹಿಡಿಯಿತು. ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಅವಳ ತುಟಿ ನೀಲಿಯಾಗುತ್ತಿತ್ತು. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು.

ಅಟ್ಟದ ವಿಷಯ ಇಲ್ಲಿ ಹೇಳಲೇಬೇಕು. ನಮ್ಮ ಸೀಮೆಯಲ್ಲಿ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ತಿಂಗಳಾನುಗಟ್ಟಲೆ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ತಾನಾಗಿ ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗಬೇಕು. ಆಯಿತೋ ಇಲ್ಲವೋ ಅಂತ ಒಡೆದು ನೋಡುವ ಹಾಗಿಲ್ಲ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗುಳುಗುಳು ಅಂದರೆ ನೀರಿದೆ. ಏನೂ ಅನ್ನದಿದ್ದರೆ ತಿರುಳು ಇನ್ನೂ ಚಿಪ್ಪಿಗೆ ಕಚ್ಚಿಕೊಂಡಿದೆ. ಲೊಡಲೊಡ ಅಂದರೆ ಚಿಪ್ಪು ಬಿಟ್ಟಿದೆ, ಇಳಿಸಿ ಸುಲಿಯಬಹುದು. ನಮ್ಮತ್ತೆ ಇದರಲ್ಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವರು. ಲೋಕದ ಸಕಲ ವಿದ್ಯೆಯೂ ಅವರ ಮಟ್ಟಿಗೆ ತೆಂಗಿನಕಾಯಿಯೊಳಗೆ ಇತ್ತು.

ತೊಂಬತ್ಮೂರನೇ ಇಸವಿಯಲ್ಲಿ ಮೀನಾಕ್ಷಕ್ಕನನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಒಬ್ಬರು ಡಾಕ್ಟರು, ತಾಳ್ಮೆಯ ಮನುಷ್ಯ, ಭಾವನಿಗೂ ನನಗೂ ಚಿತ್ರ ಬರೆದು ವಿವರಿಸಿದರು. ಗುಂಡಿಗೆಯೊಳಗೆ ನಾಲ್ಕು ಕೋಣೆ, ನಾಲ್ಕು ಬಾಗಿಲು. ಒಂದೊಂದು ಬಾಗಿಲೂ ಒಂದೇ ಕಡೆಗೆ ತೆರೆಯುತ್ತದೆ. ಅದನ್ನು ತೆಗೆಯುವವರು ಹಾಕುವವರು ಯಾರೂ ಇಲ್ಲ. ರಕ್ತವೇ ತಳ್ಳಿಕೊಂಡು ಮುಂದೆ ಹೋಗುತ್ತದೆ. ಗುಂಡಿಗೆ ಹಿಂಡಿದಾಗ ಅದೇ ರಕ್ತ ವಾಪಸು ನುಗ್ಗಲು ನೋಡುತ್ತದೆ, ಆ ರಭಸಕ್ಕೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಎದೆಯ ಮೇಲೆ ಕಿವಿಯಿಟ್ಟರೆ ಲಬ್ ಡಬ್ ಅಂತ ಕೇಳಿಸುವುದು ಬಾಗಿಲು ಮುಚ್ಚುವ ಸದ್ದು. ಇವಳಿಗೆ ಎಡಗಡೆಯ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವಿನ ಬಾಗಿಲು ಹಾಳಾಗಿತ್ತು. ಅದಕ್ಕೆ ಎರಡು ತೆಳ್ಳನೆಯ ರೆಕ್ಕೆ, ಅವು ಆಚೆಗೆ ಮಗುಚಿಕೊಳ್ಳದಂತೆ ಹಿಡಿದಿರುವ ಸಣ್ಣ ಸಣ್ಣ ದಾರಗಳು. ಜ್ವರದಲ್ಲಿ ಆ ರೆಕ್ಕೆಗಳು ದಪ್ಪಗಾಗಿ ಸುರುಟಿಕೊಂಡಿದ್ದವು. ಪೂರ್ತಿ ತೆರೆಯುತ್ತಲೂ ಇರಲಿಲ್ಲ, ಪೂರ್ತಿ ಮುಚ್ಚುತ್ತಲೂ ಇರಲಿಲ್ಲ. ಮೈಗೆಲ್ಲ ಹೋಗಬೇಕಾದ ರಕ್ತ ಹಿಂದಕ್ಕೆ ತಿರುಗಿ ಶ್ವಾಸಕೋಶದ ಕಡೆಗೆ ಒತ್ತುತ್ತಿತ್ತು. ಅದಕ್ಕೇ ಉಸಿರಾಟದ ಈ ಒದ್ದಾಟ.

ಭಾವ ಚಿತ್ರವನ್ನೇ ದಿಟ್ಟಿಸುತ್ತಿದ್ದವರು, "ಇದು ನಮ್ ಬಾವಿ ಫುಟ್‌ವಾಲ್ವ್ ಥರ ಅಲ್ವ್ರಾ ಸಾರ್? ವಾಷರ್ ಸವುದ್ರೆ ಪೈಪ್ನಾಗಿರೋ ನೀರೆಲ್ಲ ವಾಪಸ್ ಬಾವಿಗಿಳ್ದೋಗ್ತದೆ. ನಾವು ಸಗಣಿ ಬಗ್ಗಡ ಹುಯ್ದು ನಿಲ್ಲಿಸ್ತೀವಿ" ಅಂದರು.

ಡಾಕ್ಟರು ನಕ್ಕರು. "ಸರಿಯಾಗಿ ಹೇಳಿದ್ರಿ ರೇವಣಸಿದ್ದಯ್ಯ. ಆದ್ರೆ ಇಲ್ಲಿ ಬಗ್ಗಡ ನಡೆಯಲ್ಲ. ಬಾಗಿಲನ್ನೇ ಬದಲಾಯಿಸ್ಬೇಕು."

ಬದಲಾಯಿಸಿದರು. ಬಳೆಯಂಥ ಒಂದು ಉಂಗುರ, ಅದರೊಳಗೆ ವಾಲಿ ತೆರೆದು ಮುಚ್ಚುವ ಒಂದು ಬಿಲ್ಲೆ. ಬಿಲ್ಲೆ ಉಂಗುರಕ್ಕೆ ಬಡಿದಾಗಲೆಲ್ಲ ಟಿಕ್ ಅನ್ನುತ್ತದೆ. ಬಿಡುಗಡೆಯ ದಿನ ಡಾಕ್ಟರು ಕೂರಿಸಿಕೊಂಡು ಒಂದೊಂದಾಗಿ ಹೇಳಿದರು. ಹೊರಗಿನಿಂದ ಹಾಕಿದ ಬಾಗಿಲಾದ್ದರಿಂದ ರಕ್ತ ಅದರ ಮೇಲೆ ಹೆಪ್ಪುಗಟ್ಟಲು ನೋಡುತ್ತದೆ, ಹಾಗಾಗದಂತೆ ಬದುಕಿರುವವರೆಗೆ ದಿನವೂ ಮಾತ್ರೆ. ಆಗಾಗ ರಕ್ತಪರೀಕ್ಷೆ. ಸೊಪ್ಪಿನ ಸಾರು ಒಂದು ದಿನ ತಪ್ಪಲೆಗಟ್ಟಲೆ, ಒಂದು ದಿನ ಇಲ್ಲ ಅಂತ ಮಾಡಬಾರದು, ಮಾತ್ರೆಯ ಹದ ತಪ್ಪುತ್ತದೆ. ಟಿಕ್ ಟಿಕ್ ಸದ್ದು ಮಂಕಾದರೆ ಆ ಕ್ಷಣವೇ ಹೊರಟು ಬರಬೇಕು. ಭಾವ ಎಲ್ಲಕ್ಕೂ ತಲೆಯಾಡಿಸುತ್ತಿದ್ದರು. ಮೀನಾಕ್ಷಕ್ಕ ಕೇಳಿದ್ದು ಒಂದೇ ಮಾತು.

"ಮಗು?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಬೇಡಮ್ಮ. ಈ ಮಾತ್ರೆ ತಗೊಂಡ್ರೆ ಹೊಟ್ಟೇಲಿರೋ ಮಗೂಗೆ ತೊಂದ್ರೆ. ಬಿಟ್ರೆ ನಿಮಗೆ ತೊಂದ್ರೆ. ನಿಮ್ಮ ಗುಂಡಿಗೆ ಇಷ್ಟು ದಿನ ಪಟ್ಟಿರೋ ಪಾಡು ನೋಡಿದ್ರೆ, ಆ ಆಸೆ ಬಿಡೋದೇ ಒಳ್ಳೇದು."

ಬಸ್ಸಿನಲ್ಲಿ ಬರುವಾಗ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಬಸ್ಸಿನ ಸದ್ದಿನಲ್ಲಿ ಅವಳ ಎದೆಯ ಸದ್ದು ಕೇಳುತ್ತಿರಲಿಲ್ಲ, ಅದೊಂದು ಪುಣ್ಯ.

ಮನೆಯಲ್ಲಿ ಕೇಳಿಸಿತು. ಅವತ್ತು ಸಂಜೆ ನಮ್ಮತ್ತೆ ಸೊಸೆಯ ಎದೆಗೆ ಕಿವಿಯಿಟ್ಟವರು ಹೌಹಾರಿ ಹಿಂದೆ ಸರಿದರು. "ಅಯ್ಯೋ ಶಿವನೇ! ಗುಂಡಿಗೆ ಚಿಪ್ಪು ಬುಟ್ಟೈತೆ ಕಣ್ಲಾ ಸಿದ್ದಾ!"

ಭಾವ ಫುಟ್‌ವಾಲ್ವಿನ ಕಥೆಯನ್ನೆಲ್ಲ ಹೇಳಿದರು. ಅತ್ತೆ ಪೂರ್ತಿ ಕೇಳಿ, ಹೂಂಗುಟ್ಟಿ, ಕೊನೆಗೆ ತಮ್ಮ ಮಾತಿಗೇ ಬಂದರು. ಅಲ್ಲಾಡುವುದು ಸದ್ದು ಮಾಡುತ್ತದೆ, ಸದ್ದು ಮಾಡುವುದು ಬಿಟ್ಟುಕೊಂಡಿರುತ್ತದೆ. ಅಂದಿನಿಂದ ಸೊಸೆ ಜೋರಾಗಿ ನಡೆದರೆ "ಅಲ್ಲಾಡ್ಬ್ಯಾಡ", ಬಗ್ಗಿದರೆ "ಮೆಲ್ಲಕೆ", ಸೀನಿದರೆ "ಅಯ್ಯೋ ಹಿಡ್ಕಳವ್ವಾ". ಮನೆದೇವರಿಗೆ ದಿನಾ ತುಪ್ಪದ ದೀಪ ಹಚ್ಚಿ ಕೇಳಿಕೊಳ್ಳುತ್ತಿದ್ದದ್ದು ಒಂದೇ, ನನ್ನ ಸೊಸೆಯ ಗುಂಡಿಗೆ ಮತ್ತೆ ಕಚ್ಚಿಕೊಳ್ಳಲಿ. ನಾವು ನಗುತ್ತಿದ್ದೆವು. ಮೀನಾಕ್ಷಕ್ಕನೂ ನಗುತ್ತಿದ್ದಳು. ಅವಳಿಗೀಗ ನಗುವಷ್ಟು ಉಸಿರಿತ್ತು. ಅಟ್ಟ ಹತ್ತಿದಳು, ಬಾವಿಯಿಂದ ನೀರು ತಂದಳು, ಅಂಗಾತ ಮಲಗಿ ನಿದ್ದೆ ಮಾಡಿದಳು. ಕೆನ್ನೆ ತುಂಬಿಕೊಂಡಿತು. ನನಗಿಂತ ಚೆಂದ ಕಂಡಳು ಅಂತ ನನಗೆ ಒಂಚೂರು ಹೊಟ್ಟೆಯುರಿಯೂ ಆಯಿತು.

ಮಾರನೇ ವರ್ಷ ನನಗೆ ಮಗಳು ಹುಟ್ಟಿದಳು, ಸೌಂದರ್ಯ. ತವರಿನಲ್ಲಿ ಬಾಣಂತನ ಮುಗಿಸಿಕೊಂಡು ಬಂದಾಗ ಮೀನಾಕ್ಷಕ್ಕ ಉಲ್ಲನ್ನಿನಲ್ಲಿ ಕುಲಾವಿ ಹೆಣೆದಿಟ್ಟಿದ್ದಳು. ಕೆಂಪು, ಹಳದಿ, ನೀಲಿ, ಒಂದು ತೊಟ್ಟಿಲಿಗಾಗುವಷ್ಟು. ಒಂದು ಮಗುವಿಗೆ ಇಷ್ಟೊಂದು ಯಾಕಕ್ಕ ಅಂತ ಕೇಳಿದೆ. ಹೆಣೀತಾ ಹೆಣೀತಾ ಆಗೋಯ್ತು ಕಣೇ ಅಂದಳು.

ನನ್ನ ಮಗಳು ಮಹಾ ರಚ್ಚೆಯವಳು. ತೊಟ್ಟಿಲು ತೂಗಿ ತೂಗಿ ನನ್ನ ತೋಳು ಬಿದ್ದುಹೋಗುತ್ತಿತ್ತು, ಇವಳು ಕಣ್ಣು ಮುಚ್ಚುತ್ತಿರಲಿಲ್ಲ. ಒಂದು ದಿನ ಸಾಕಾಗಿ ಮೀನಾಕ್ಷಕ್ಕನ ಎದೆಯ ಮೇಲೆ ಹಾಕಿ ಬಟ್ಟೆ ಒಗೆಯಲು ಹೋದೆ. ಬಂದು ನೋಡಿದರೆ ಕಳ್ಳಿ ಬಾಯಿ ತೆರೆದುಕೊಂಡು ಮಲಗಿದ್ದಾಳೆ, ಕಿವಿ ಸರಿಯಾಗಿ ಆ ಟಿಕ್ ಟಿಕ್ ಮೇಲೆ. ಅಷ್ಟೇ. ಆಮೇಲೆ ಆ ಎದೆ ಇಲ್ಲದೆ ನಿದ್ದೆಯೇ ಇಲ್ಲ. ನೆಂಟರೆದುರು ಸೆರಗು ಎಳೆದುಕೊಳ್ಳುತ್ತಿದ್ದವಳು ಮಗುವಿಗಾಗಿ ಸೆರಗು ಸರಿಸಿ ಕೂರುತ್ತಿದ್ದಳು. ಹೆತ್ತವಳು ನಾನು, ನಿದ್ದೆ ಮಾತ್ರ ಅವಳ ಹತ್ತಿರ. ಬೇಜಾರಾಗುತ್ತಿರಲಿಲ್ಲ ಅಂದರೆ ಸುಳ್ಳು. ಆದರೆ ಹಸಿವಾದಾಗ, ಬಿದ್ದಾಗ, ನಾಯಿ ಬೊಗಳಿದಾಗ ಮಗು ಎದ್ದು "ಅವ್ವಾ" ಅಂತ ಓಡಿ ಬರುತ್ತಿದ್ದದ್ದು ನನ್ನ ಹತ್ತಿರ. ಎದ್ದು ಹೋದ ಮಗುವಿನ ಬಿಸಿ ಇನ್ನೂ ಇದೆಯೇನೋ ಎನ್ನುವ ಹಾಗೆ ಮೀನಾಕ್ಷಕ್ಕ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಿರುತ್ತಿದ್ದಳು. ನಾನು ಅದನ್ನು ನೋಡದವಳ ಹಾಗೆ ಒಲೆಯ ಕಡೆ ತಿರುಗುತ್ತಿದ್ದೆ.

"ಇವ್ಳು ನಿನ್ ಮಗ್ಳೇ ಅಂದ್ಕಳಕ್ಕ" ಅಂತ ಒಮ್ಮೆ ಹೇಳಿದೆ.

"ಅಂದ್ಕಂಡಿದ್ದೀನಿ ಕಣೇ. ಆದ್ರೆ ಅಂದ್ಕಳಾದು ಬೇರೆ ಅಲ್ವೇನೇ" ಅಂದಳು.

ಸೌಂದರ್ಯ ಮೂರು ತುಂಬಿ ಮಾತು ಕಲಿತಿದ್ದ ಕಾಲ. ಅಟ್ಟದ ಕಾಯಿ ಇಳಿಸುವ ಸುಗ್ಗಿ. ಒಂದು ಮಧ್ಯಾಹ್ನ ಊಟವಾದ ಮೇಲೆ ಮಗು ದೊಡ್ಡವ್ವನ ಎದೆಯ ಮೇಲೆ ಬಿದ್ದುಕೊಂಡಿತ್ತು. ಆ ಕಿವಿ ಇಟ್ಟಿತು, ಈ ಕಿವಿ ಇಟ್ಟಿತು, ಎದ್ದು ಕೂತಿತು.

"ದೊಡ್ಡವ್ವಾ, ಟಿಕ್ಕು ಎಲ್ಲೋಯ್ತು?"

ಅತ್ತೆ ಕೈಯಲ್ಲಿದ್ದ ಕಾಯಿ ಬಿಟ್ಟು ಬಂದು ಕಿವಿಯಿಟ್ಟರು. ತುಂಬಾ ಹೊತ್ತು ಕೇಳಿದರು. ಒಳಗೆ ಏನೋ ಮೆತ್ತಗೆ ಬಡಿಯುತ್ತಿತ್ತೇ ಹೊರತು ಆ ಲೋಹದ ಟಿಕ್ ಇರಲಿಲ್ಲ. ತಲೆ ಎತ್ತಿದಾಗ ಅವರ ಕಣ್ಣಲ್ಲಿ ನೀರು. "ಕಚ್ಕಂತು! ಗುಂಡಿಗೆ ಕಚ್ಕಂತು ಕಣ್ರೇ! ನನ್ ದೀಪ ಉರ್ದಿದ್ದು ಸುಳ್ಳಾಗ್ಲಿಲ್ಲ!"

ಅವತ್ತೇ ಕಾಯಿಹೋಳಿಗೆ ಮಾಡಿಸಿದರು. ಹೂರಣ ಕಲಸಿದವಳು ನಾನೇ. ಅಕ್ಕಪಕ್ಕದ ಮನೆಗಳಿಗೂ ಹಂಚಿ, ನಮ್ಮ ಸೊಸೆಗೆ ವಾಸಿಯಾಯಿತು ಅಂತ ಹೇಳಿ ಬಂದರು. ಮೀನಾಕ್ಷಕ್ಕ ಆ ದಿನ ಇದ್ದ ಹಾಗೆ ನಾನು ಯಾವತ್ತೂ ಕಂಡಿರಲಿಲ್ಲ. ಹೂ ಮುಡಿದಳು. ಸೌಂದರ್ಯಳಿಗೆ ಚಿಕ್ಕದಾದ ಕುಲಾವಿಗಳನ್ನು ಪೆಟ್ಟಿಗೆಯಿಂದ ತೆಗೆದು, ಒಗೆದು, ಬಿಸಿಲಿಗೆ ಹರವಿದಳು. ಯಾಕೆ ಅಂತ ನಾನು ಕೇಳಲಿಲ್ಲ, ಹಳೆಯ ಬಟ್ಟೆ ಒಗೆಯುವುದಕ್ಕೆ ಯಾರು ಕಾರಣ ಕೇಳುತ್ತಾರೆ?

ಭಾವ ಒಬ್ಬರೇ ಹೋಳಿಗೆ ಮುಟ್ಟಲಿಲ್ಲ. "ಡಾಕ್ಟ್ರು ಸದ್ದು ಕಮ್ಮಿ ಆದ್ರೆ ಬಾ ಅಂದಿದ್ರು. ನಾಳೆ ಮೊದಲ್ನೇ ಬಸ್ಗೆ ಹೊರಡಾಣ ಮೀನಾಕ್ಷಿ."

"ನಂಗೇನಾಗೈತ್ರೀ? ಚೆನ್ನಾಗೇ ಇದ್ದೀನಿ. ಈ ಕಾಯಿ ಇಳ್ಸೋದು ಒಂದ್ ಮುಗೀಲಿ" ಅಂದಳು. ಅತ್ತೆ ಮಗನನ್ನೇ ಗದರಿದರು. ಭಾವನಿಗೂ ಮಗುವಿನ ಆಸೆ ಇತ್ತು. ಬಾಯಿ ಬಿಟ್ಟು ಹೇಳದ ಗಂಡಸಿನ ಆಸೆ. ವಾಸಿಯಾಗಿದೆ ಅಂತ ಮನೆಯೆಲ್ಲ ಕೂಗುತ್ತಿರುವಾಗ ಇಲ್ಲ ಅನ್ನಲು ಅವರಿಗೆ ಬಾಯಿ ಬರಲಿಲ್ಲ.

ನಾಲ್ಕೈದು ದಿನ ಕಳೆದಿರಬೇಕು. ಬೆಳಗ್ಗೆ ಅಂಗಳ ಗುಡಿಸುತ್ತಿದ್ದವಳು ಪೊರಕೆ ಹಿಡಿದೇ ಕುಸಿದಳು. ಅದೇ ನೀಲಿ ತುಟಿ, ಅದೇ ಸಾಲದ ಉಸಿರು, ಈ ಸಲ ನೂರು ಪಾಲು ಜಾಸ್ತಿ. ಭಾವ ಪಕ್ಕದ ತೋಟದ ವೀರಭದ್ರಯ್ಯನವರ ಜೀಪು ತಂದರು, ಬೆಂಗಳೂರಿಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಅವಳನ್ನು ನನ್ನ ಎದೆಗೆ ಒರಗಿಸಿಕೊಂಡು ಕೂತೆ. ತುರುವೇಕೆರೆ ದಾಟಿದ ಮೇಲೆ ಅವಳು ನನ್ನ ಕೈ ಹಿಡಿದಳು.

"ಮಾತ್ರೆ ಬುಟ್ಟು ಭಾಳ ದಿನ ಆಯ್ತು ಕಣೇ."

ನನಗೆ ಮೊದಲು ಅರ್ಥವೇ ಆಗಲಿಲ್ಲ.

"ಮಾತ್ರೆ ಇರಗಂಟ ಮಗು ಬ್ಯಾಡ ಅಂದ್ರಲ್ಲ. ಅದ್ಕೇ... ಸದ್ದು ನಿಂತಾಗ ನಾನೂ ಅತ್ತೆ ಹೇಳಿದ್ದೇ ನಂಬ್ಕಂಡೆ. ಇನ್ ಮಾತ್ರೆನೂ ಬ್ಯಾಡ, ಇನ್ ನಂಗೂ ಆಗ್ತದೆ ಅಂತ."

ಬೈಯಬೇಕು ಅನ್ನಿಸಿತು. ಎಂಥ ಹುಚ್ಚು ಹೆಂಗಸು ನೀನು ಅಂತ ಕೂಗಬೇಕು ಅನ್ನಿಸಿತು. ಬಾಯಿ ಬಿಟ್ಟರೆ ಅಳು ಬರುತ್ತದೆ ಅಂತ ಗಟ್ಟಿಯಾಗಿ ಅವಳನ್ನು ಅವುಚಿಕೊಂಡೆ. ಮುಂದಿನ ಸೀಟಿನಲ್ಲಿದ್ದ ಭಾವ ಹಿಂದಕ್ಕೆ ತಿರುಗಲಿಲ್ಲ. ಅವರಿಗೆ ಕೇಳಿಸಿತ್ತು, ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು.

ರಕ್ತ ಹೆಪ್ಪುಗಟ್ಟಿ ಬಿಲ್ಲೆಯ ಅಂಚಿಗೆ ಅಂಟಿಕೊಂಡಿದೆ, ಬಾಗಿಲು ಸರಿಯಾಗಿ ಆಡುತ್ತಿಲ್ಲ ಅಂದರು ಡಾಕ್ಟರು. ಇನ್ನೊಂದು ದಿನ ತಡವಾಗಿದ್ದರೆ ಅಂತ ಶುರು ಮಾಡಿದವರು ಭಾವನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಹೆಪ್ಪು ಕರಗಿಸುವ ಔಷಧಿಯನ್ನು ನರಕ್ಕೆ ಹನಿಹನಿಯಾಗಿ ಬಿಟ್ಟರು. ಕರಗಬಹುದು, ಕರಗದಿದ್ದರೆ ಮತ್ತೆ ಎದೆ ಕೊಯ್ಯಬೇಕು, ಅದಕ್ಕೆ ಅವಳು ತಡೆಯುತ್ತಾಳೋ ಇಲ್ಲವೋ ಹೇಳಲಾಗದು ಅಂದರು. ಭಾವ ಅವಳ ಮಂಚದ ಪಕ್ಕದ ಸ್ಟೂಲಿನ ಮೇಲೆ ತಲೆ ವಾಲಿಸಿ ಕೂತರು. ಅಟ್ಟದಲ್ಲಿ ಕಾಯಿಗೆ ಕಿವಿಕೊಡುವಾಗ ಅವರು ಕೂರುತ್ತಿದ್ದದ್ದೇ ಹಾಗೆ. ನರ್ಸುಗಳು ಊಟ ಮಾಡಿ ಬನ್ನಿ ಅಂದರೂ ಎದ್ದೇಳಲಿಲ್ಲ.

ಮಾರನೇ ದಿನ ನಾನು ಫ್ಲಾಸ್ಕಿನಲ್ಲಿ ಗಂಜಿ ತಂದು ಬಾಗಿಲಲ್ಲಿ ನಿಂತಾಗ ಭಾವ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಅಂತ ಸನ್ನೆ ಮಾಡಿದರು. ನಾನೂ ಕಿವಿಗೊಟ್ಟೆ. ಟಿಕ್. ಸಣ್ಣಗೆ, ಆದರೆ ಅದೇ. ಟಿಕ್, ಟಿಕ್. ಭಾವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತರು, ಅಳುತ್ತಲೇ ನಕ್ಕರು. "ಬಂತು ಕಣವ್ವಾ, ಬಂತು. ಕೇಳುಸ್ತಾ ಮೀನಾಕ್ಷಿ?"

ಅವಳಿಗೂ ಕೇಳಿಸಿತ್ತು. ಅವಳು ಗೋಡೆಯ ಕಡೆ ಹೊರಳಿಕೊಂಡಳು. ದಿಂಬು ಒದ್ದೆಯಾಗುವುದು ನನಗೆ ಕಾಣುತ್ತಿತ್ತು, ಅವರಿಗೆ ಕಾಣಲಿಲ್ಲ.

ಊರಿಗೆ ಬಂದ ಮೇಲೆ ಅತ್ತೆ ಅವಳ ಪಕ್ಕ ಕೂತು, "ನನ್ ಬುದ್ಧಿಗೆ ಬೆಂಕಿ ಬೀಳ. ಹೋಳಿಗೆ ಮಾಡಿಸಿದ್ನಲ್ಲವ್ವಾ" ಅಂತ ಹಣೆ ಚಚ್ಚಿಕೊಂಡರು. ಆಮೇಲೆ ಸಾಯುವವರೆಗೂ ದೀಪ ಹಚ್ಚಿದ ಕೂಡಲೇ ಅವರು ಕೂಗುತ್ತಿದ್ದದ್ದು ಒಂದೇ: "ಮಾತ್ರೆ ನುಂಗ್ದೇನವ್ವಾ?" ಮಾತ್ರೆ ಕೊಡುವ ಕೆಲಸ ನಾನು ವಹಿಸಿಕೊಂಡೆ. ಅವಳು ನುಂಗಿ ಬಾಯಿ ತೆರೆದು ತೋರಿಸುವವರೆಗೂ ಕದಲುತ್ತಿರಲಿಲ್ಲ. ಪೊಲೀಸಿನವಳು ಅಂತ ನನಗೆ ಹೆಸರಿಟ್ಟಳು. ಕುಲಾವಿಗಳನ್ನು ಮಡಿಸಿ ಅವಳೇ ಎಲ್ಲರಿಗೂ ಹಂಚಿಬಿಟ್ಟಳು.

ಸೌಂದರ್ಯ ಈಗ ತಿಪಟೂರಿನಲ್ಲಿ ಪಿಯುಸಿ ಓದುತ್ತಾಳೆ, ಹಾಸ್ಟೆಲಿನಲ್ಲಿದ್ದಾಳೆ. ರಜೆಗೆ ಬಂದರೆ ಬ್ಯಾಗು ಎಸೆದು ಇಷ್ಟೆತ್ತರದ ಹುಡುಗಿ ಇನ್ನೂ ದೊಡ್ಡವ್ವನ ಎದೆಯ ಮೇಲೆ ತಲೆ ಇಡುತ್ತಾಳೆ. ಹಾಸ್ಟೆಲಿನಲ್ಲಿ ನಿದ್ದೆ ಬರುವುದಿಲ್ಲವಂತೆ. ದಿಂಬಿನ ಕೆಳಗೆ ಟೈಂಪೀಸು ಇಟ್ಟುಕೊಂಡು ನೋಡಿದಳಂತೆ, ಆಗಲಿಲ್ಲವಂತೆ.

ಹೋದ ಸಲ ಅವಳು ಹಾಗೆ ಮಲಗಿ ನಿದ್ದೆ ಹೋಗಿದ್ದಳು. ಕರೆಂಟು ಹೋಗಿ ಮನೆ ಪೂರ್ತಿ ನಿಶ್ಶಬ್ದವಾಗಿತ್ತು. ಮೀನಾಕ್ಷಕ್ಕ ಅವಳ ಕೂದಲು ಸರಿಸುತ್ತಾ, ನನ್ನ ಕಡೆ ನೋಡದೆ ಮಾತು ತೆಗೆದಳು.

"ಆವಾಗ ನಾಕೈದು ದಿನ ಇದು ನಿಂತಿತ್ತಲ್ಲ."

"ಈಗ್ಯಾಕಕ್ಕ ಅದು?"

"ನಾನು ಬದುಕ್ನಾಗೆ ಅಷ್ಟ್ ಸುಖವಾಗಿ ಯಾವತ್ತೂ ಇರ್ಲಿಲ್ಲ ಕಣೇ. ಸಾಯ್ತಾ ಇದ್ದೆ ಅಂತ ಆಮ್ಯಾಕೆ ಗೊತ್ತಾಯ್ತು. ಆದ್ರೆ ಆ ನಾಕೈದು ದಿನ ನನ್ ಮಗೀಗೆ ಏನ್ ಹೆಸ್ರಿಡಾದು ಅಂತ ಯೋಚ್ನೆ ಮಾಡ್ತಾ ಇದ್ದೆ. ಹೆಸ್ರೂ ಇಟ್ಬುಟ್ಟಿದ್ದೆ." ಮಗಳ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿ, "ಈ ಟಿಕ್ ಟಿಕ್ ನಡುವೆ ಒಂದೊಂದ್ಸಲ ಆ ದಿನ ಇನ್ನೊಂದ್ ಸಾರಿ ಬರ್ಲಿ ಅನ್ಸುತ್ತೆ. ಬಾಯ್ ಮಾತಿಗೆ ಹೇಳ್ದೆ, ಬುಡು" ಅಂದಳು.

ಏನು ಹೆಸರು ಅಂತ ಕೇಳಬೇಕು ಅನ್ನಿಸಿತು. ಗದರುವುದೊಂದೇ ನನಗೆ ಬರುವ ವಿದ್ಯೆ, ಅದೂ ಅವತ್ತು ಕೈಕೊಟ್ಟಿತು. ಎದ್ದು ಗೂಡಿನಿಂದ ಮಾತ್ರೆ, ಒಂದು ಲೋಟ ನೀರು ತಂದೆ. ಅವಳು ಮಗಳ ತಲೆ ಅಲುಗದ ಹಾಗೆ ಒಂದು ಕೈಯಲ್ಲೇ ಮಾತ್ರೆ ತೆಗೆದುಕೊಂಡು ನುಂಗಿದಳು. ಕೇಳುವ ಮುಂಚೆ ತಾನೇ ಬಾಯಿ ತೆರೆದು ತೋರಿಸಿದಳು.